ಸ್ಕೈರಿಮ್ ಮಾಡ್: ಮಂತ್ರಕ್ಕೆ ಷರತ್ತು ಹಾಕುವುದು ಹೇಗೆ?

ಹೆಲ್ತ್ ಕಾಲು ಭಾಗಕ್ಕಿಂತ ಕೆಳಗಿಳಿದರೆ ಕವಚ ತಾನಾಗಿಯೇ ಗಟ್ಟಿಯಾಗಬೇಕು, ಚೇತರಿಸಿಕೊಂಡರೆ ಮಾಮೂಲಿಗೆ ಮರಳಬೇಕು. 2011ರ ಸ್ಕೈರಿಮ್ ಆಟಕ್ಕೆ ಇಂಥ ಮಾಡ್ (ಆಟಗಾರರೇ ಮಾಡುವ ಮಾರ್ಪಾಡು) ಮಾಡಲು ಹೊಸಬರು ಆಟದ ಸ್ಕ್ರಿಪ್ಟ್ ಭಾಷೆ ಪ್ಯಾಪಿರಸ್‌ನಲ್ಲಿ ಲೂಪ್ ಬರೆಯಲು ಕೂರುತ್ತಾರೆ. ಅದು ಬೇಕಿಲ್ಲ. ಮಾಡ್ ತಯಾರಿಸುವ ಸಾಧನ ಕ್ರಿಯೇಷನ್ ಕಿಟ್‌ನ ಕಂಡಿಷನ್ (ಷರತ್ತು) ಪಟ್ಟಿ ಸಾಕು. ಅಬಿಲಿಟಿಗೆ (ಪಾತ್ರದ ಮೇಲೆ ಸದಾ ಇರುವ ಬಗೆಯ ಸ್ಪೆಲ್, ಅಂದರೆ ಮಂತ್ರ) ಹಾಕಿದ ಷರತ್ತನ್ನು ಆಟವೇ ಸುಮಾರು ಸೆಕೆಂಡಿಗೊಮ್ಮೆ ಪರೀಕ್ಷಿಸುತ್ತದೆ.

ಮೊದಲು ಹೊಸ ಮ್ಯಾಜಿಕ್ ಎಫೆಕ್ಟ್ (ಮಂತ್ರದ ಪರಿಣಾಮ) ತೆರೆಯಿರಿ. ಆರ್ಕಿಟೈಪ್ ಪೀಕ್ ವ್ಯಾಲ್ಯೂ ಮಾಡಿಫೈಯರ್, ಬದಲಾಗಬೇಕಾದದ್ದು ಡ್ಯಾಮೇಜ್‌ರೆಸಿಸ್ಟ್ (ಕವಚದ ಅಂಕಿ), ಕಾಸ್ಟಿಂಗ್ ಟೈಪ್ ಕಾನ್‌ಸ್ಟಂಟ್ ಎಫೆಕ್ಟ್, ಡೆಲಿವರಿ ಸೆಲ್ಫ್. ‘ರಿಕವರ್’ಗೆ ಟಿಕ್ ಹಾಕಲು ಮರೆಯಬೇಡಿ, ಎಫೆಕ್ಟ್ ಮುಗಿದಾಗ ಅಂಕಿ ಹಿಂದಿರುಗುವುದು ಅದರಿಂದಲೇ.

ಆಮೇಲೆ ಸ್ಪೆಲ್. ಟೈಪ್ ಅಬಿಲಿಟಿ ಇರಲಿ, ಕಾಸ್ಟಿಂಗ್ ಮತ್ತು ಡೆಲಿವರಿ ಎಫೆಕ್ಟ್‌ನಲ್ಲಿ ಇದ್ದಂತೆಯೇ ಇರಲಿ. ಹೊಂದದಿದ್ದರೆ ನಿಮ್ಮ ಎಫೆಕ್ಟ್ ಆಯ್ಕೆಪಟ್ಟಿಯಲ್ಲಿ ಕಾಣುವುದೇ ಇಲ್ಲ. ಎಫೆಕ್ಟ್ ಸೇರಿಸಿ ಮ್ಯಾಗ್ನಿಟ್ಯೂಡ್ (ಪರಿಣಾಮದ ಪ್ರಮಾಣ) 50 ಕೊಡಿ. ಷರತ್ತುಗಳನ್ನು ಇಲ್ಲೇ, ಸ್ಪೆಲ್‌ನೊಳಗಿನ ಎಫೆಕ್ಟ್ ಸಾಲಿಗೇ ಹಾಕಿ; ಮೂಲ ಎಫೆಕ್ಟ್‌ಗೆ ಹಾಕಿದರೆ ಅದನ್ನು ಬಳಸುವ ಎಲ್ಲ ಸ್ಪೆಲ್‌ಗಳಿಗೂ ಅನ್ವಯಿಸುತ್ತದೆ.

ಕಾಳಗದಲ್ಲಿರಬೇಕು, ಜೊತೆಗೆ ಹೆಲ್ತ್ ಇಲ್ಲವೇ ಸ್ಟ್ಯಾಮಿನಾ ಕಡಿಮೆಯಿರಬೇಕು ಎನ್ನೋಣ. ಸಾಲುಗಳು ಹೀಗೆ:

ಈಸ್‌ಇನ್‌ಕಾಂಬ್ಯಾಟ್ == 1, ಆ್ಯಂಡ್
ಗೆಟ್‌ಆಕ್ಟರ್‌ವ್ಯಾಲ್ಯೂಪರ್ಸೆಂಟ್ ಹೆಲ್ತ್ < 0.25, ಆರ್
ಗೆಟ್‌ಆಕ್ಟರ್‌ವ್ಯಾಲ್ಯೂಪರ್ಸೆಂಟ್ ಸ್ಟ್ಯಾಮಿನಾ < 0.25, ಆ್ಯಂಡ್

ಪ್ರೋಗ್ರಾಮಿಂಗ್ ಬಲ್ಲವರೇ ಇಲ್ಲಿ ಎಡವುವುದು ಹೆಚ್ಚು. ಅವರ ರೂಢಿಯಲ್ಲಿ ಆ್ಯಂಡ್ (ಮತ್ತು) ಮೊದಲು; ಈ ಪಟ್ಟಿಯಲ್ಲಿ ಆರ್ (ಇಲ್ಲವೇ) ಮೊದಲು. ಆರ್‌ನಿಂದ ಜೋಡಿಸಿದ ಸಾಲುಗಳೆಲ್ಲ ಆವರಣದೊಳಗೆ ಇದ್ದಂತೆ ಒಂದು ಗುಂಪಾಗುತ್ತವೆ, ಆ್ಯಂಡ್ ಲೆಕ್ಕಕ್ಕೆ ಬರುವುದು ಆಮೇಲೆ. ‘ಕ ಮತ್ತು ಖ, ಇಲ್ಲವೇ ಗ ಮತ್ತು ಘ’ ಎಂಬ ಷರತ್ತನ್ನು ನೇರ ಬರೆಯಲಾಗದು. ಒಂದೇ ಎಫೆಕ್ಟನ್ನು ಸ್ಪೆಲ್‌ನಲ್ಲಿ ಎರಡು ಸಲ ಸೇರಿಸಿ ಬೇರೆಬೇರೆ ಷರತ್ತು ಕೊಡುವುದು ಒಂದು ದಾರಿ, ಆದರೆ ಎರಡೂ ಒಟ್ಟಿಗೆ ನಿಜವಾಗುವ ಸಂದರ್ಭವನ್ನೂ ಪರೀಕ್ಷಿಸಿ ನೋಡಬೇಕು.

0.25 ಬದಲು 25 ಎಂದು ಬರೆದರೆ ಷರತ್ತು ಸದಾ ನಿಜ. ಏಕೆಂದರೆ ಶೇಕಡಾ ಇಲ್ಲಿ 0ಯಿಂದ 1ರವರೆಗಿನ ಸಂಖ್ಯೆ.

ಇನ್ನೊಂದು ತೊಡಕು: ಹೆಲ್ತ್ ಕಡಿಮೆಯಾದಾಗ ಹೆಲ್ತನ್ನೇ ಏರಿಸುವ ಎಫೆಕ್ಟ್. ಅದು ಚಾಲೂ ಆದ ಕೂಡಲೇ ಶೇಕಡಾ ಏರಿ ಷರತ್ತು ಸುಳ್ಳಾಗುತ್ತದೆ, ಎಫೆಕ್ಟ್ ನಿಲ್ಲುತ್ತದೆ, ಹೆಲ್ತ್ ಮತ್ತೆ ಇಳಿದು ಎಫೆಕ್ಟ್ ಮತ್ತೆ ಚಾಲೂ. ಪರೀಕ್ಷಿಸುವ ಅಂಕಿಯನ್ನೇ ಬದಲಿಸಬಾರದು. ಡ್ಯಾಮೇಜ್‌ರೆಸಿಸ್ಟ್ ಆರಿಸಿದ್ದು ಅದಕ್ಕೇ.

ಸದ್ದೋ ಸಂದೇಶವೋ ಬೇಕಿದ್ದರಷ್ಟೇ ಸ್ಕ್ರಿಪ್ಟ್ ಸೇರಿಸಿ: ಷರತ್ತು ನಿಜವಾದಾಗ ಆನ್‌ಎಫೆಕ್ಟ್‌ಸ್ಟಾರ್ಟ್, ಸುಳ್ಳಾದಾಗ ಆನ್‌ಎಫೆಕ್ಟ್‌ಫಿನಿಶ್ ಓಡುತ್ತದೆ. ಎಣಿಕೆ ಇಡಬೇಕಿದ್ದರೆ ಆ ಸ್ಕ್ರಿಪ್ಟಿನೊಳಗೆ ಬೇಡ, ಗ್ಲೋಬಲ್ ವೇರಿಯಬಲ್‌ನಲ್ಲಿಡಿ.

ಪರೀಕ್ಷೆಗೆ ಕನ್ಸೋಲ್‌ನಲ್ಲಿ (ಆಟದೊಳಗೆ ಆದೇಶ ಟೈಪ್ ಮಾಡುವ ಕಿಟಕಿ) ಪ್ಲೇಯರ್ ಡಾಟ್ ಆ್ಯಡ್‌ಸ್ಪೆಲ್ ಮತ್ತು ಸ್ಪೆಲ್‌ನ ಐಡಿ ಸಾಕು. ಸ್ಪೆಲ್ ತಿದ್ದಿದಾಗಲೆಲ್ಲ ರಿಮೂವ್‌ಸ್ಪೆಲ್ ಕೊಟ್ಟು ಮತ್ತೆ ಸೇರಿಸಿ. ಹಳೆಯ ಸೇವ್‌ನಲ್ಲಿ ಹಳೆಯ ಎಫೆಕ್ಟೇ ಕೂತಿರಬಹುದು.