ಕೊಳಚೆ ನೀರಿನ ಸ್ಲಡ್ಜ್ ಪೈಪಿನಲ್ಲಿ ಹೇಗೆ ಹರಿಯುತ್ತದೆಂದು ಮೊದಲೇ ಲೆಕ್ಕ ಹಾಕುವ ಬಗೆ

ಕೊಳಚೆ ನೀರನ್ನು ಶುದ್ಧೀಕರಿಸುವಾಗ ಉಳಿಯುವ ಕೆಸರಾದ ಸ್ಲಡ್ಜ್‌ನಲ್ಲಿ ಘನಾಂಶ ಶೇ 2ರ ಆಸುಪಾಸಿನಲ್ಲಿದ್ದರೆ ಅದು ಬಹುಮಟ್ಟಿಗೆ ನೀರಿನಂತೆಯೇ ಹರಿಯುವುದರಿಂದ, ನೀರಿಗೆಂದು ಲೆಕ್ಕ ಹಾಕಿದ ಘರ್ಷಣಾ ನಷ್ಟವನ್ನು (ಪೈಪಿನೊಳಗಿನ ಉಜ್ಜಾಟದಿಂದ ಕಳೆದುಹೋಗುವ ಒತ್ತಡವನ್ನು) ಕೊಂಚ ಹೆಚ್ಚಿಸಿಕೊಂಡರೆ ಸಾಕಾಗುತ್ತದೆ. ಶೇ 4–5 ದಾಟಿದ ಮೇಲೂ ಇದೇ ದಾರಿ ಹಿಡಿಯುವುದು ಅಪಾಯಕಾರಿ. ಗಟ್ಟಿ ಸ್ಲಡ್ಜ್ ತನ್ನ ಮೇಲೆ ಒಂದು ಮಿತಿಯಷ್ಟು ಎಳೆತ ಬೀಳುವವರೆಗೆ ಕದಲುವುದೇ ಇಲ್ಲ. ಈ ಮಿತಿಗೆ ಯೀಲ್ಡ್ ಸ್ಟ್ರೆಸ್ ಎಂದು ಹೆಸರು. ಘನಾಂಶ ಸ್ವಲ್ಪ ಏರಿದರೂ ಇದು ಹಲವು ಪಟ್ಟು ಏರಬಲ್ಲದು.

ಆದ್ದರಿಂದ ಮೊದಲ ಕೆಲಸ ಅಳತೆ. ಘನಾಂಶ ಒಂದೇ ಆಗಿದ್ದರೂ ಮೊದಲ ತೊಟ್ಟಿಯಲ್ಲಿ ತಳಕ್ಕಿಳಿದ ಪ್ರಾಥಮಿಕ ಸ್ಲಡ್ಜ್ ಮತ್ತು ಡೈಜೆಸ್ಟರ್‌ನಿಂದ (ಸೂಕ್ಷ್ಮಜೀವಿಗಳು ಸ್ಲಡ್ಜನ್ನು ಕೊಳೆಸುವ ತೊಟ್ಟಿಯಿಂದ) ಬಂದ ಸ್ಲಡ್ಜ್ ಒಂದೇ ರೀತಿ ಹರಿಯುವುದಿಲ್ಲವಾದ್ದರಿಂದ, ಬೇರೆ ಘಟಕದ ಅಂಕಿಗಳನ್ನು ಎರವಲು ತರದೆ, ತಾಜಾ ಮಾದರಿಯನ್ನು ಮೂರು–ನಾಲ್ಕು ಘನಾಂಶಗಳಲ್ಲಿ, ಪೈಪಿನಲ್ಲಿ ಇರಬಹುದಾದ ಉಷ್ಣಾಂಶದಲ್ಲಿಯೇ ರಿಯೋಮೀಟರ್‌ನಿಂದ (ಮಾದರಿಯನ್ನು ತಿರುಗಿಸಿ ಅದು ಒಡ್ಡುವ ಪ್ರತಿರೋಧವನ್ನು ಅಳೆಯುವ ಉಪಕರಣದಿಂದ) ಪರೀಕ್ಷಿಸಬೇಕು. ಯಾವ ವೇಗದಲ್ಲಿ ತಿರುಗಿಸಿ ಅಳೆಯಬೇಕೆಂಬುದನ್ನು ಪೈಪೇ ಹೇಳುತ್ತದೆ: ಹರಿವಿನ ವೇಗವನ್ನು 8ರಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಕತ್ತರಿ ದರದ (ಶಿಯರ್ ರೇಟ್, ಅಂದರೆ ಪಕ್ಕಪಕ್ಕದ ಪದರಗಳು ಒಂದರ ಮೇಲೊಂದು ಜಾರುವ ದರ) ಅಂದಾಜು ಸಿಗುತ್ತದೆ. 200 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗವಿದ್ದರೆ ಅದು ಸೆಕೆಂಡಿಗೆ 40. ಸೆಕೆಂಡಿಗೆ ನೂರಾರು ದರದಲ್ಲಿ ಅಳೆದು ಬಂದ ಗ್ರಾಫಿನ ಗೆರೆಯನ್ನು ಸೊನ್ನೆ ದರದವರೆಗೆ ಹಿಂದಕ್ಕೆ ಎಳೆದು ಪಡೆದ ಯೀಲ್ಡ್ ಸ್ಟ್ರೆಸ್ ದಾರಿ ತಪ್ಪಿಸುತ್ತದೆ.

ಇದೇ ಪೈಪಿನ ಉದ್ದ 500 ಮೀಟರ್, ಯೀಲ್ಡ್ ಸ್ಟ್ರೆಸ್ 10 ಪಾಸ್ಕಲ್, ಪ್ಲಾಸ್ಟಿಕ್ ಸ್ನಿಗ್ಧತೆ (ಕದಲಿದ ಮೇಲೆ ಹರಿವಿಗೆ ಒಡ್ಡುವ ಪ್ರತಿರೋಧದ ಅಳತೆ) 0.03 ಪಾಸ್ಕಲ್-ಸೆಕೆಂಡ್ ಎಂದುಕೊಳ್ಳೋಣ. ಯೀಲ್ಡ್ ಸ್ಟ್ರೆಸ್ ದಾಟಿದ ಮೇಲೆ ದ್ರವ ಸ್ಥಿರ ಸ್ನಿಗ್ಧತೆಯಿಂದ ಹರಿಯುತ್ತದೆಂದು ಭಾವಿಸುವ ಬಿಂಗ್‌ಹ್ಯಾಮ್ ಮಾದರಿಗೆ ಹೊಂದುವ ಬಕಿಂಗ್‌ಹ್ಯಾಮ್–ರೈನರ್ ಸಮೀಕರಣದ ಪ್ರಕಾರ ಪೈಪಿನ ಗೋಡೆಯ ಮೇಲೆ ಬೀಳುವ ಎಳೆತ ಸುಮಾರು 13 ಪಾಸ್ಕಲ್. ಅದನ್ನು 4ರಿಂದ ಗುಣಿಸಿ, ಉದ್ದದಿಂದ ಗುಣಿಸಿ, ವ್ಯಾಸದಿಂದ ಭಾಗಿಸಿದರೆ ಒತ್ತಡದ ಇಳಿಕೆ ಸುಮಾರು 130 ಕಿಲೋಪಾಸ್ಕಲ್, ಅಂದರೆ 13 ಮೀಟರಿಗೂ ಮಿಕ್ಕ ನೀರಿನ ಹೆಡ್ (ಅಷ್ಟು ಎತ್ತರದ ನೀರಿನ ಕಂಬದ ಒತ್ತಡ). ಈ ಸ್ಥಿತಿಯಲ್ಲಿ ಪೈಪಿನ ತ್ರಿಜ್ಯದ ಮುಕ್ಕಾಲು ಭಾಗದಷ್ಟು ಸ್ಲಡ್ಜ್ ಒಳಗೆ ಕದಡದೆ ಗಟ್ಟಿ ದಿಂಡಾಗಿ ಜಾರುತ್ತಿರುತ್ತದೆ. ನಿಜವಾದ ಹರಿವು ನಡೆಯುವುದು ಗೋಡೆಯ ಪಕ್ಕದ ತೆಳು ಪದರದಲ್ಲಿ. ವೇಗ ಹೆಚ್ಚಿಸುವುದಾದರೆ ಹರಿವು ಸುಳಿಗಳೆದ್ದು ಪ್ರಕ್ಷುಬ್ಧವಾಗುತ್ತದೆಯೇ ಎಂದು, ಯೀಲ್ಡ್ ಸ್ಟ್ರೆಸ್, ವ್ಯಾಸ, ಸಾಂದ್ರತೆ, ಸ್ನಿಗ್ಧತೆಗಳಿಂದ ಲೆಕ್ಕ ಹಾಕುವ ಹೆಡ್‌ಸ್ಟ್ರಾಮ್ ಸಂಖ್ಯೆಯ ಆಧಾರದಲ್ಲಿ ನೋಡಬೇಕು, ಏಕೆಂದರೆ ಪ್ರಕ್ಷುಬ್ಧ ಹರಿವಿಗೆ ಈ ಸಮೀಕರಣ ಹೊಂದುವುದಿಲ್ಲ.

ಹಲವರು ಮರೆಯುವುದು ಮರುಚಾಲನೆಯ ಲೆಕ್ಕವನ್ನು. ನಿಂತ ಸ್ಲಡ್ಜ್ ಹೊತ್ತು ಕಳೆದಂತೆ ಮತ್ತೆ ಗಟ್ಟಿಯಾಗುತ್ತದೆ. ಆಗ ಯೀಲ್ಡ್ ಸ್ಟ್ರೆಸ್ 20 ಪಾಸ್ಕಲ್‌ಗೆ ಏರಿದ್ದರೆ ಅದನ್ನು ಕದಲಿಸುವುದಕ್ಕೇ 200 ಕಿಲೋಪಾಸ್ಕಲ್ ಬೇಕು. ಚಾಲನೆಯ ಒತ್ತಡಕ್ಕಷ್ಟೇ ಆಯ್ದ ಪಂಪ್ ಅಲ್ಲಿ ಸೋಲುತ್ತದೆ. ಹಾಗಾಗಿ ನಿಲ್ಲಿಸಿಟ್ಟ ಮಾದರಿಯನ್ನೂ ಪ್ರತ್ಯೇಕವಾಗಿ ಅಳೆದು, ದೊಡ್ಡ ಅಂಕಿಗೆ ತಕ್ಕಂತೆ ಪಂಪ್ ಆರಿಸಿ, ಪೈಪನ್ನು ನೀರಿನಿಂದ ತೊಳೆಯಲು ಜೋಡಣೆಗಳನ್ನು ನಕ್ಷೆಯಲ್ಲಿಯೇ ಗುರುತಿಸಬೇಕು.