ಒಂದೇ ಕಲ್ಲಿನ ಮೇಲೆ ಒಂದೂವರೆ ಗಂಟೆ

ವಿಶ್ವವಿದ್ಯಾಲಯದಲ್ಲಿ ಏಷ್ಯಾದ ಇತಿಹಾಸ ಕಲಿಸುವುದು ನನ್ನ ಕೆಲಸ. ಹೊರಗಿನ ಜನರಿಗಾಗಿ ಉಪನ್ಯಾಸ ಕೊಡಲು ಮೊದಲ ಸಲ ಕರೆದಾಗ ನಾನು ಆರಿಸಿಕೊಂಡ ವಿಷಯ 'ಏಷ್ಯಾದ ಕಡಲ ವ್ಯಾಪಾರ: ಎರಡು ಸಾವಿರ ವರ್ಷ'. 70 ಸ್ಲೈಡು ಮಾಡಿದ್ದೆ. ರೋಮನ್ ನಾಣ್ಯದಿಂದ ಡಚ್ಚರ ಕಂಪನಿವರೆಗೆ ಏನನ್ನೂ ಬಿಟ್ಟಿರಲಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿಯಾದವು. ಕೊನೆಗೆ ಬಂದ ಪ್ರಶ್ನೆ ಒಂದೇ. ವಯಸ್ಸಾದ ಮಹಿಳೆಯೊಬ್ಬರು ಎದ್ದು, "ಸರ್, ಇಷ್ಟರಲ್ಲಿ ನಾವು ಮನೆಗೆ ತೆಗೆದುಕೊಂಡು ಹೋಗಬೇಕಾದ್ದು ಯಾವುದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆ ತುಂಬಾ ದಿನ ಕಾಡಿತು. ತರಗತಿಯಲ್ಲಿ ಇವತ್ತು ಬಿಟ್ಟಿದ್ದನ್ನು ನಾಳೆ ಹೇಳಬಹುದು. ಸಾರ್ವಜನಿಕ ಉಪನ್ಯಾಸಕ್ಕೆ ನಾಳೆ ಇಲ್ಲ. ಬಂದವರು ದಿನದ ಕೆಲಸ ಮುಗಿಸಿ, ಪರೀಕ್ಷೆಯ ಹಂಗಿಲ್ಲದೆ, ಬರೀ ಆಸಕ್ತಿಯಿಂದ ಬಂದಿರುತ್ತಾರೆ. ಅವರಿಗೆ ಪಠ್ಯಪುಸ್ತಕದ ಪರಿವಿಡಿ ಓದಿ ಹೇಳಿದರೆ ಅದು ಅನ್ಯಾಯ ಅಲ್ವಾ?

ಮುಂದಿನ ಸಲ ಎರಡು ಸಾವಿರ ವರ್ಷ ಬಿಟ್ಟು ಒಂದು ಕಲ್ಲು ಹಿಡಿದೆ. ಶ್ರೀಲಂಕಾದ ಗಾಲೆಯಲ್ಲಿ 1911ರಲ್ಲಿ ಸಿಕ್ಕ ಶಾಸನ ಅದು. ಸಿಕ್ಕಾಗ ಚರಂಡಿಯೊಂದರ ಮೇಲೆ ಮುಚ್ಚಳದ ಹಾಗೆ ಮಗುಚಿ ಹಾಕಿದ್ದರು. ಈಗ ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿರುವ ಕಾಲ 1409. ಚೀನಾದ ಮಿಂಗ್ ವಂಶದ ಚಕ್ರವರ್ತಿಯ ನೌಕಾಪಡೆಯನ್ನು ನಡೆಸುತ್ತಿದ್ದ ಝೆಂಗ್ ಹೆ ಅದನ್ನು ಚೀನಾದಿಂದ ಹಡಗಿನಲ್ಲಿ ತಂದ. ಒಂದೇ ಕಲ್ಲಿನಲ್ಲಿ ಮೂರು ಭಾಷೆಗಳಿವೆ: ಚೀನಿ, ತಮಿಳು, ಪರ್ಷಿಯನ್. ಚೀನಿ ಪಠ್ಯ ಬುದ್ಧನಿಗೆ ಕಾಣಿಕೆ ಒಪ್ಪಿಸುತ್ತದೆ. ತಮಿಳು ಪಠ್ಯ ವಿಷ್ಣುರೂಪದ ತೆನಾವರೈ ನಾಯನಾರ್ ದೇವರಿಗೆ, ಪರ್ಷಿಯನ್ ಪಠ್ಯ ಅಲ್ಲಾಹನಿಗೆ. ಕಾಣಿಕೆಯ ಪಟ್ಟಿ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ: ಚಿನ್ನ, ಬೆಳ್ಳಿ, ರೇಷ್ಮೆ, ಸುಗಂಧದ ಎಣ್ಣೆ.

ತಯಾರಿಯಲ್ಲಿ ಜಾಸ್ತಿ ಸಮಯ ಹಿಡಿದದ್ದು ಸ್ಲೈಡುಗಳಲ್ಲ, ಓದುವವರನ್ನು ಹುಡುಕುವುದು. ಮೂರು ಪಠ್ಯಗಳನ್ನೂ ನಾನೇ ಅನುವಾದದಲ್ಲಿ ಓದಬಹುದಿತ್ತು. ಆದರೆ ಆ ಭಾಷೆಗಳ ದನಿ ಕೇಳಿಸದೆ ಕಲ್ಲಿಗೆ ಜೀವ ಬರುವುದಿಲ್ಲ ಅನ್ನಿಸಿತು. ಚೀನಿ ಓದಲು ಒಬ್ಬ ವಿದ್ಯಾರ್ಥಿ ಒಪ್ಪಿದ. ತಮಿಳಿಗೆ ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಸಿಕ್ಕರು. ಪರ್ಷಿಯನ್‌ಗೆ ಬೇರೆ ವಿಭಾಗದ ಸಂಶೋಧಕರೊಬ್ಬರು ಬಂದರು. ಹಳೆಯ ಭಾಷೆ ಆದ್ದರಿಂದ ಮೂವರ ಜೊತೆಗೂ ಎರಡೆರಡು ಸಲ ಕೂತು ಸಾಲು ಸಾಲಾಗಿ ಅಭ್ಯಾಸ ಮಾಡಿದೆವು. ಪರ್ಷಿಯನ್ ಭಾಗ ತುಂಬಾ ಸವೆದಿದೆ. ಅಕ್ಷರ ಹೋಗಿರುವ ಕಡೆ ಊಹೆ ಮಾಡಿ ತುಂಬಿಸುವುದು ಬೇಡ, ಸುಮ್ನೆ ನಿಲ್ಲಿ ಎಂದು ಕೇಳಿಕೊಂಡೆ.

ಸ್ಲೈಡು ಆರೇ ಆರು. ಅದರಲ್ಲಿ ನಕಾಶೆಗೆ ತುಂಬಾ ಯೋಚನೆ ಮಾಡಿದೆ. ಸಾಮಾನ್ಯ ವಿಶ್ವ ನಕಾಶೆಯಲ್ಲಿ ಕಣ್ಣು ದೇಶಗಳ ಗಡಿಯ ಮೇಲೆ ಹೋಗುತ್ತದೆ. ನಾನು ಗಡಿಗಳನ್ನು ತೆಗೆದು, ಹಿಂದೂ ಮಹಾಸಾಗರವನ್ನು ನಡುವೆ ಇಟ್ಟು, ಗಾಳಿಯ ಬಾಣಗಳನ್ನಷ್ಟೇ ಬಿಟ್ಟೆ. ನೈಋತ್ಯದ ಗಾಳಿ ಅರಬ್ ಕಡೆಯ ಹಡಗುಗಳನ್ನು ಪೂರ್ವಕ್ಕೆ ತರುತ್ತದೆ. ಈಶಾನ್ಯದ ಗಾಳಿ ಚೀನಾದ ಹಡಗುಗಳನ್ನು ದಕ್ಷಿಣಕ್ಕೂ ಪಶ್ಚಿಮಕ್ಕೂ ತಳ್ಳುತ್ತದೆ. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಬಂದರಿನಲ್ಲೇ ಕಾಯಬೇಕಿತ್ತು. ಕಾಯುವಾಗ ಅಲ್ಲೇ ಮನೆ, ಮದುವೆ, ಗುಡಿ, ಮಸೀದಿ ಎಲ್ಲಾ ಆಗುತ್ತಿತ್ತು. ಇಷ್ಟು ಹೇಳಿದ ಮೇಲೆ ಒಂದು ಕಲ್ಲಿನಲ್ಲಿ ಮೂರು ಭಾಷೆ ಯಾಕೆ ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಮಾತು 40 ನಿಮಿಷ, ಪ್ರಶ್ನೆಗೆ 50 ನಿಮಿಷ ಇಟ್ಟಿದ್ದೆ. ಇಷ್ಟೊಂದು ಸಮಯಕ್ಕೆ ಪ್ರಶ್ನೆಗಳೇ ಬರಲಿಕ್ಕಿಲ್ಲ ಎಂದು ಸಹೋದ್ಯೋಗಿಗಳು ಹೇಳಿದ್ದರು. ಮೈಕು ಹಿಡಿದು ಮಾತಾಡಲು ಹಿಂಜರಿಯುವವರಿಗಾಗಿ ಕುರ್ಚಿಯ ಮೇಲೆ ಸಣ್ಣ ಚೀಟಿಗಳನ್ನು ಇಟ್ಟೆವು. ಒಳ್ಳೆಯ ಪ್ರಶ್ನೆಗಳು ಬಂದದ್ದೇ ಚೀಟಿಯಲ್ಲಿ. ಒಂದರಲ್ಲಿ ಹೀಗಿತ್ತು: "ಮೂರು ದೇವರಿಗೂ ಕಾಣಿಕೆ ಕೊಟ್ಟವನು ಭಕ್ತನೋ, ಬೆದರಿಸಲು ಬಂದವನೋ?"

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಝೆಂಗ್ ಹೆ ಚೀನಾದ ಯುನ್ನಾನ್ ಪ್ರಾಂತ್ಯದ ಮುಸ್ಲಿಂ ಮನೆತನದವನು. 1405ರಿಂದ 1433ರವರೆಗೆ ಏಳು ಯಾನ ನಡೆದವು. ಕಲ್ಲು ಬಂದದ್ದು ಮೂರನೆಯದರಲ್ಲಿ. ಅದೇ ಯಾನದಲ್ಲಿ ಅವನ ಸೈನ್ಯ ಲಂಕೆಯಲ್ಲಿ ಆಳುತ್ತಿದ್ದ ಅಳಗಕ್ಕೋನಾರನೊಡನೆ ಯುದ್ಧ ಮಾಡಿ, ಅವನನ್ನು ಸೆರೆಹಿಡಿದು ಚೀನಾಕ್ಕೆ ಕರೆದೊಯ್ದಿತು. ಆಮೇಲೆ ಚಕ್ರವರ್ತಿ ಬಿಡುಗಡೆ ಮಾಡಿದ. ಕಾಣಿಕೆಯೂ ನಿಜ, ಸೈನ್ಯವೂ ನಿಜ. ನಾನು ಎರಡನ್ನೂ ಜನರ ಮುಂದಿಟ್ಟೆ. ಒಬ್ಬರು ಈಗಿನ ರಾಜಕೀಯಕ್ಕೆ ಹೊರಳಿದರು, ದನಿಯೂ ಏರಿತು. ಆಗ ಮತ್ತೆ ಕಲ್ಲಿನ ಚಿತ್ರ ಹಾಕಿ, "ಇದರಲ್ಲಿ ಆ ಮಾತು ಎಲ್ಲಿದೆ, ತೋರಿಸಿ ನೋಡೋಣ" ಅಂದೆ. ಅವರು ನಿಜವಾಗಿಯೂ ಮುಂದೆ ಬಂದು ನೋಡಿದರು. ಕಣ್ಣೆದುರು ಒಂದು ವಸ್ತು ಇದ್ದರೆ ಜಗಳ ಕೂಡ ಅದರ ಸುತ್ತಲೇ ನಡೆಯುತ್ತದೆ. ನನ್ನ ಮಟ್ಟಿಗೆ ಒಂದು ವಸ್ತು ಹಿಡಿಯುವುದರ ದೊಡ್ಡ ಲಾಭ ಅದೇ.

ಓದುವಿಕೆಯನ್ನು ನಾನು ಕೊನೆಗೆ ಇಟ್ಟಿದ್ದೆ. ಚೀನಿ ಆಯಿತು, ತಮಿಳು ಆಯಿತು. ತಮಿಳು ಗೊತ್ತಿದ್ದ ಕೆಲವರು ಆರು ನೂರು ವರ್ಷ ಹಳೆಯ ಪದಗಳಲ್ಲಿ ಪರಿಚಯದ ಪದ ಸಿಕ್ಕಾಗೆಲ್ಲ ತಲೆಯಾಡಿಸುತ್ತಿದ್ದರು. ಪರ್ಷಿಯನ್ ಓದುವಾಗ ಸಂಶೋಧಕರು ಸವೆದ ಕಡೆಯೆಲ್ಲ ನಿಂತರು. ಪ್ರತಿ ಸಲ ನಿಂತಾಗಲೂ ಸಭಾಂಗಣ ಅವರ ಜೊತೆ ಕಾಯಿತು.

ಈಗ ಮುಂದಿನದಕ್ಕೆ ಚೀನಾದ ಚ್ವಾನ್‌ಝೌ ಬಂದರಿನ 1281ರ ಶಾಸನ ತೆಗೆದುಕೊಂಡಿದ್ದೇನೆ. ಅಲ್ಲಿ ಶಿವನ ವಿಗ್ರಹ ಸ್ಥಾಪಿಸಿದ್ದನ್ನು ತಮಿಳಿನಲ್ಲಿ ಕೆತ್ತಿದ್ದಾರೆ, ಕೊನೆಗೆ ಒಂದು ಸಾಲು ಚೀನಿ ಇದೆ. ಗ್ರಂಥಾಲಯದ ಅಕ್ಕನಿಗೆ ಪ್ರತಿ ಕೊಟ್ಟಿದ್ದೇನೆ. ಚೀನಿ ಸಾಲನ್ನೂ ತಾನೇ ಕಲಿತು ಓದುತ್ತೇನೆ ಅಂದಿದ್ದಾರೆ.