ಸಹಾಯಾರ್ಥ ಸೈಕಲ್ ರೈಡ್: ಇಡೀ ಗುಂಪು ಗುರಿ ಮುಟ್ಟುವುದು ಹೇಗೆ?

ಸಹಾಯಾರ್ಥ ಸೈಕಲ್ ರೈಡ್‌ನಲ್ಲಿ ನಡುದಾರಿಯಲ್ಲೇ ಕೈಚೆಲ್ಲುವವರೆಲ್ಲ ಕಾಲಲ್ಲಿ ಕಸುವಿಲ್ಲದವರೇನೂ ಅಲ್ಲ. ಹೆಚ್ಚಿನವರು ಮೊದಲ ಗಂಟೆ ಹುರುಪಿನಲ್ಲಿ ಓಡಿಸಿ, ಹಸಿವಾಗುವವರೆಗೂ ಏನೂ ತಿನ್ನದೆ, ಗುಂಪಿನಲ್ಲಿದ್ದೂ ಒಂಟಿಯಾಗಿ ಗಾಳಿಯೊಂದಿಗೆ ಗುದ್ದಾಡಿ ಸೋತವರು. ಗುಂಪಾಗಿ ಹೊರಟ ಮೇಲೆ ಗುಂಪಾಗಿಯೇ ಮುಟ್ಟಬೇಕು, ಅದಕ್ಕೆ ವೇಗಕ್ಕಿಂತ ಒಂದೇ ಹದದ ಓಟ ಮುಖ್ಯ. ಇಲ್ಲಿನ ಲೆಕ್ಕವೆಲ್ಲ ಒಂದು ದಿನದ 150 ಕಿ.ಮೀ. ರೈಡ್‌ಗೆ.

1. ದೇಣಿಗೆಯ ಕೆಲಸ

ಹಣ ಕೊಡುತ್ತೇನೆ ಎಂದವರಿಂದ ರೈಡ್‌ಗೆ ಮುಂಚೆಯೇ ಪಡೆದುಬಿಡಿ. ‘ಕಿ.ಮೀ.ಗೆ ಇಷ್ಟು’ ಎಂಬ ಕರಾರಿಗೆ ಒಪ್ಪಬೇಡಿ, ಒಟ್ಟು ಮೊತ್ತವನ್ನೇ ಕೇಳಿ. ಕಿ.ಮೀ. ಲೆಕ್ಕ ತಲೆಯಲ್ಲಿ ಕೂತರೆ ಮಂಡಿ ನೋಯುತ್ತಿದ್ದರೂ ತುಳಿಯುತ್ತಲೇ ಹೋಗುವ ಹಟ ಬರುತ್ತದೆ. ಆ ಹಟಕ್ಕೆ ಮಂಡಿ ಆಮೇಲೆ ತಿಂಗಳುಗಟ್ಟಲೆ ಬೆಲೆ ತೆರುತ್ತದೆ.

2. ತಯಾರಿ

ಹನ್ನೆರಡು ವಾರ ಬೇಕು. ವಾರಕ್ಕೊಂದು ಉದ್ದದ ಸವಾರಿ ಇರಲಿ. 50 ಕಿ.ಮೀ.ನಿಂದ ಶುರು ಮಾಡಿ ವಾರವಾರ ಶೇ 10ರಿಂದ 15ರಷ್ಟು ಏರಿಸಿ, ಪ್ರತಿ ನಾಲ್ಕನೇ ವಾರ ಇಳಿಸಿ. ರೈಡ್‌ಗೆ ಎರಡು ವಾರ ಮುನ್ನ 110 ಕಿ.ಮೀ. ಮುಟ್ಟಿದರೆ ಸಾಕು, ಪೂರ್ತಿ ದೂರವನ್ನು ಮೊದಲೇ ತುಳಿದು ನೋಡಬೇಕಿಲ್ಲ. ಇವುಗಳಲ್ಲಿ ಎರಡು ಸವಾರಿಯಾದರೂ ನಿಮ್ಮ ಗುಂಪಿನ ಜೊತೆಗೇ ಆಗಬೇಕು. ಕೊನೆಯ ವಾರ ಹಗುರವಾಗಿ ತುಳಿಯಿರಿ. ಆ ವಾರ ಮಾಡಿದ ಕಸರತ್ತು ಕಾಲಿಗೆ ಬಲ ತರುವುದಿಲ್ಲ, ದಣಿವನ್ನಷ್ಟೇ ಉಳಿಸುತ್ತದೆ.

3. ಸೈಕಲ್ ಮತ್ತು ಉಡುಪು

ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರಾ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಹೆಚ್ಚಾಗಿ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ ಎಂದು ತಿಳಿಯಿರಿ. ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಕೊನೆಯ ವಾರ ಸೀಟನ್ನು ಮುಟ್ಟಲೇಬೇಡಿ.

ಸೀಟಿಗೆ ಹೊದಿಸುವ ದಪ್ಪ ಜೆಲ್ ಕವರ್ ಶುದ್ಧ ದುಡ್ಡು ದಂಡ. ಅರ್ಧ ಗಂಟೆ ಹಿತವೆನಿಸುತ್ತದೆ. ಆಮೇಲೆ ಅದು ಅತ್ತಿತ್ತ ಸರಿದು ತೊಡೆಸಂದನ್ನು ಉಜ್ಜುತ್ತದೆ. ಕೂರುವ ಮೂಳೆಗಳು ಜೆಲ್‌ನೊಳಗೆ ಹೂತುಹೋಗಿ ಭಾರವೆಲ್ಲ ಮೆತ್ತನೆಯ ಭಾಗದ ಮೇಲೆ ಬಿದ್ದು ಜೋಮು ಹಿಡಿಯುತ್ತದೆ. ಆ ಹಣವನ್ನು ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಗೆ ಹಾಕಿ. ಅದರೊಳಗೆ ಒಳಉಡುಪು ಹಾಕಬಾರದು, ಗಾಯ ಮಾಡುವುದೇ ಅದರ ಹೊಲಿಗೆ. ಶೂ, ಚಡ್ಡಿ, ಸೀಟು ಯಾವುದೇ ಇರಲಿ, ರೈಡ್ ದಿನ ಹೊಸದನ್ನು ಬಳಸಬೇಡಿ.

28 ಮಿ.ಮೀ. ಅಗಲದ ಟೈರ್‌ಗೆ, ಸವಾರರ ತೂಕ 70 ಕೆ.ಜಿ. ಆಸುಪಾಸಿನಲ್ಲಿದ್ದರೆ 70ರಿಂದ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ಟೈರ್ ಬದಿಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ. ಅಷ್ಟು ತುಂಬಿಸಿದರೆ ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಬಡಿಯುತ್ತದೆ.

4. ಮೊದಲ ಗಂಟೆ

ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟೇ ವೇಗ. ಏದುಸಿರು ಬಂದರೆ ಅದು ಹೆಚ್ಚಾಯಿತು. ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತಿರುಗುವ ಹಗುರ ಗೇರ್‌ನಲ್ಲಿರಿ. ನಿಮ್ಮನ್ನು ದಾಟಿ ಹೋಗುವವರು ಹೋಗಲಿ, ಬೆನ್ನು ಹತ್ತಬೇಡಿ.

5. ಸಾಲಿನಲ್ಲಿ ತುಳಿಯುವುದು

ಎಲ್ಲ ಕೆಡುವುದು ಇಲ್ಲೇ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಇನ್ನೊಬ್ಬರ ಹಿಂದೆ, ಗಾಳಿಯ ಮರೆಯಲ್ಲಿ ತುಳಿದರೆ ಸುಮಾರು ಕಾಲುಭಾಗ ಶ್ರಮ ಉಳಿಯುತ್ತದೆ. ದುರ್ಬಲರನ್ನು ಗುರಿ ಮುಟ್ಟಿಸುವುದು ಈ ಉಳಿತಾಯವೇ. ಆದರೆ ಸಾಲು ಶಿಸ್ತಾಗಿರಬೇಕು.

ಮೊದಲು ಅಂತರ. ಪಳಗಿದವರು ಅರ್ಧ ಗಾಲಿಯಷ್ಟು ಬಿಡುತ್ತಾರೆ. ಹೊಸಬರು ಒಂದು ಮೀಟರ್ ಬಿಡಿ, ಅಷ್ಟರಲ್ಲೂ ಗಾಳಿಯ ಮರೆ ಚೆನ್ನಾಗಿಯೇ ಸಿಗುತ್ತದೆ. ನಿಮ್ಮ ಮುಂದಿನ ಗಾಲಿ ಎದುರಿನವರ ಹಿಂದಿನ ಗಾಲಿಯ ಪಕ್ಕಕ್ಕೆ ಒಂದು ಇಂಚೂ ನುಗ್ಗಬಾರದು. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಗಾಲಿಗೆ ಗಾಲಿ ತಾಗುತ್ತದೆ. ಅವರು ಹೇಗೋ ಸಾವರಿಸಿಕೊಳ್ಳುತ್ತಾರೆ, ಬೀಳುವುದು ನೀವು. ಸೈಕಲ್‌ನ ಸಮತೋಲ ಇರುವುದು ಮುಂದಿನ ಗಾಲಿಯನ್ನು ಸಣ್ಣಗೆ ತಿರುಗಿಸುತ್ತಿರುವುದರಲ್ಲಿ, ಆ ಗಾಲಿಯೇ ಸಿಕ್ಕಿಕೊಂಡರೆ ಸಾವರಿಸಲು ಏನೂ ಉಳಿಯುವುದಿಲ್ಲ. ನಿಮ್ಮ ಹಿಂದಿರುವವರೂ ನಿಮ್ಮ ಮೇಲೆಯೇ ಬರುತ್ತಾರೆ.

ಎದುರಿನ ಗಾಲಿಯನ್ನೇ ದಿಟ್ಟಿಸಬೇಡಿ. ದೃಷ್ಟಿ ಎದುರಿನವರ ಭುಜದಾಚೆಗೆ, ಇನ್ನೂ ಎರಡು ಸೈಕಲ್ ಮುಂದಕ್ಕೆ ಇರಲಿ. ತೀರಾ ಹತ್ತಿರವಾದರೆ ಪೆಡಲ್ ಮಾಡುವುದನ್ನು ನಿಲ್ಲಿಸಿ, ಎದೆ ಎತ್ತಿ ಕೂತು ಗಾಳಿಗೆ ಒಡ್ಡಿಕೊಳ್ಳಿ. ಹೆಚ್ಚಿನ ಸಲ ಅಷ್ಟು ಸಾಕು. ಮುಂದಿನವರು ಬ್ರೇಕನ್ನು ಸ್ವಲ್ಪ ಮುಟ್ಟಿದರೂ ಆರನೆಯವರು ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ, ಹನ್ನೆರಡನೆಯವರು ನಿಂತೇ ಬಿಡುತ್ತಾರೆ. ಸಾಲು ಹೀಗೆ ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವಾಗ ಬಾಲದಲ್ಲಿರುವವರು ಪ್ರತಿ ಸಲವೂ ಓಡಿ ಬಂದು ಕೂಡಿಕೊಳ್ಳಬೇಕು. ಆದ್ದರಿಂದ ದುರ್ಬಲರನ್ನು ಕೊನೆಗೆ ತಳ್ಳಬೇಡಿ, ಮುಂದಿನಿಂದ ಮೂರನೆಯ ಅಥವಾ ನಾಲ್ಕನೆಯ ಜಾಗ ಕೊಡಿ. ಗಟ್ಟಿಗರೊಬ್ಬರು ಕೊನೆಯಲ್ಲಿರಲಿ.

ಎದ್ದು ನಿಂತು ತುಳಿಯುವಾಗಲೂ ಎಚ್ಚರ ಬೇಕು. ಏಳುವ ಕ್ಷಣದಲ್ಲಿ ಸೈಕಲ್ ಹಿಂದಿನವರ ಕಡೆಗೆ ಜಗ್ಗಿದಂತಾಗಿ ಅಂತರ ಕರಗುತ್ತದೆ. ಮೊದಲು ಒಂದು ಗೇರ್ ಗಟ್ಟಿ ಮಾಡಿ, ಪೆಡಲನ್ನು ಕೆಳಕ್ಕೆ ಒತ್ತುತ್ತಲೇ ಏಳಿ.

ಇನ್ನು ಸಾಲಿನ ಮುಂದಿದ್ದು ಗಾಳಿ ಎದುರಿಸುವ ಸರದಿ. ಎದುರಿನಲ್ಲಿ ಎರಡು ಮೂರು ನಿಮಿಷ ಸಾಕು, ಸೋತವರು ಅರ್ಧ ನಿಮಿಷಕ್ಕೇ ಬಿಟ್ಟುಕೊಡಲಿ. ಯಾವ ಬದಿಗೆ ಸರಿಯಬೇಕೆಂದು ಹೊರಡುವ ಮುನ್ನವೇ ತೀರ್ಮಾನಿಸಿ. ಸರದಿ ಮುಗಿದಾಗ ಹಿಂದೆ ವಾಹನ ಇದೆಯೇ ಎಂದು ತಿರುಗಿ ನೋಡಿ, ಕೈ ತೋರಿಸಿ, ಅದೇ ವೇಗದಲ್ಲಿ ಪಕ್ಕಕ್ಕೆ ಸರಿಯಿರಿ. ಸರಿದ ಮೇಲಷ್ಟೇ ನಿಧಾನಿಸಿ, ಸಾಲು ನಿಮ್ಮ ಪಕ್ಕದಿಂದ ಮುಂದೆ ಹೋಗಲಿ. ಕೊನೆಯವರು ‘ಕೊನೆ’ ಎಂದು ಕೂಗಲಿ. ಅವರ ಗಾಲಿ ನಿಮ್ಮನ್ನು ದಾಟುವ ಮೊದಲೇ ಎರಡು ಗಟ್ಟಿ ಸುತ್ತು ತುಳಿದು ಹಿಂದೆ ಸೇರಿಕೊಳ್ಳಿ. ಅವರು ದಾಟಿದ ಮೇಲೆ ಶುರು ಮಾಡಿದರೆ ತಡವಾಯಿತು.

ಬಹುಪಾಲು ಗುಂಪುಗಳನ್ನು ಒಡೆಯುವುದು ಹೊಸದಾಗಿ ಮುಂದೆ ಬಂದವರ ಹುರುಪು. ಅಷ್ಟು ಹೊತ್ತು ಮರೆಯಲ್ಲಿ ಸುಧಾರಿಸಿಕೊಂಡಿದ್ದವರು ಮುಂದೆ ಬಂದೊಡನೆ 24ರಲ್ಲಿದ್ದ ವೇಗವನ್ನು 27ಕ್ಕೆ ಏರಿಸುತ್ತಾರೆ. ಸರಿಯಾಗಿ ಅದೇ ಗಳಿಗೆಯಲ್ಲಿ, ಗಾಳಿ ಎದುರಿಸಿ ಸುಸ್ತಾದವರು ಸಾಲಿನ ಬಾಲ ಹಿಡಿಯಲು ಹೆಣಗುತ್ತಿರುತ್ತಾರೆ. ಮೂರು ಸರದಿ ಹೀಗಾದರೆ ಒಬ್ಬರು ಹಿಂದುಳಿದೇ ಹೋಗುತ್ತಾರೆ. ಮುಂದೆ ಬರುವ ಮುನ್ನ ವೇಗದ ಮೀಟರ್‌ನ ಅಂಕಿ ನೋಡಿಕೊಳ್ಳಿ, ಬಂದ ಮೇಲೆ ಅದೇ ಅಂಕಿ ಇರಲಿ. ದಿಬ್ಬ ಬಂದಾಗ ಮಾತ್ರ ಅಂಕಿ ಮರೆತು ಶ್ರಮವನ್ನು ಸಮವಾಗಿಡಿ. ದಿಬ್ಬದ ತುದಿ ತಲುಪಿದವರು ಕೊನೆಯವರು ಬರುವವರೆಗೆ ನಿಧಾನ ಮಾಡಿ. ಇಳಿಜಾರಿನಲ್ಲಿ ಮುಂದಿನವರು ಪೆಡಲ್ ನಿಲ್ಲಿಸಬಾರದು, ಹಿಂದಿನವರು ಅಂತರವನ್ನು ನಾಲ್ಕೈದು ಸೈಕಲ್ ಉದ್ದಕ್ಕೆ ಹಿಗ್ಗಿಸಬೇಕು.

‘ಗುಂಡಿ’, ‘ಜಲ್ಲಿ’, ‘ನಿಲ್ಲಿ’, ‘ಹಿಂದೆ ಗಾಡಿ’ ಎಂದು ಒಂದೆರಡು ಪದಗಳಲ್ಲಿ ಕೂಗಿ. ಕೇಳಿದವರೆಲ್ಲ ಮರುಕೂಗಿ ಮಾತು ಸಾಲಿನ ಇನ್ನೊಂದು ತುದಿ ಮುಟ್ಟಿಸಬೇಕು. ಇಯರ್‌ಫೋನ್ ಹಾಕಿದವರಿಗೆ ಸಾಲಿನಲ್ಲಿ ಜಾಗ ಕೊಡಬೇಡಿ.

6. ತಿನ್ನುವುದು, ಕುಡಿಯುವುದು

ದೇಹದಲ್ಲಿ ಕೂಡಿಟ್ಟ ಸಕ್ಕರೆಯಂಶ ಸುಮಾರು 400ರಿಂದ 500 ಗ್ರಾಂ. ಬಿಡದೆ ತುಳಿದರೆ ಮೂರು ನಾಲ್ಕು ಗಂಟೆಯಲ್ಲಿ ಅದು ತಳ ಕಾಣುತ್ತದೆ. ಅದಕ್ಕೇ ಮೊದಲ ಅರ್ಧ ಗಂಟೆಯಿಂದಲೇ ತಿನ್ನಲು ಶುರು ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ. 20 ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ತಿನ್ನಿ, ಹಸಿವನ್ನು ಕೇಳಬೇಡಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲಿದ್ದರೆ ಇನ್ನೂ ಸ್ವಲ್ಪ, ಅದರಲ್ಲಿ ಉಪ್ಪಿನಂಶವಿರಲಿ. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಅದು ಬಾಯಾರಿಕೆಗಿಂತ ಅಪಾಯಕಾರಿ.

ಅಲ್ಲಿಯವರೆಗೆ ಹರಟುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾದರೆ, ಸಿಡುಕಿದರೆ, ಬಿಸಿಲಲ್ಲೂ ಚಳಿ ಎಂದರೆ ಅವರ ಶಕ್ತಿ ಮುಗಿದಿದೆ ಎಂದೇ ತಿಳಿದು ನಿಲ್ಲಿಸಿ. ನೆರಳಲ್ಲಿ ಕೂರಿಸಿ ಸಕ್ಕರೆ ಬೆರೆತ ಪಾನೀಯ ಕೊಡಿ, 15 ನಿಮಿಷ ಬಿಟ್ಟು ಸಾಲಿನ ಮರೆಯಲ್ಲಿ ಕರೆದೊಯ್ಯಿರಿ. ಮಾತು ತೊದಲಿದರೆ, ಬೆವರು ನಿಂತರೆ ಮತ್ತೆ ಸೈಕಲ್ ಹತ್ತಿಸಬೇಡಿ, ಬೆಂಬಲ ವಾಹನಕ್ಕೆ ಕೂರಿಸಿ ವೈದ್ಯಕೀಯ ನೆರವು ಪಡೆಯಿರಿ. ಉಳಿದ ವಿರಾಮಗಳು 10 ನಿಮಿಷ ಮೀರದಿರಲಿ, ಹೆಚ್ಚು ಕೂತರೆ ಕಾಲು ಬಿಗಿಯುತ್ತದೆ.

7. ಪಂಕ್ಚರ್

ಎಲ್ಲರೂ ರಸ್ತೆಯಿಂದ ಪೂರ್ತಿ ಕೆಳಗಿಳಿಯಿರಿ. ಪ್ರತಿಯೊಬ್ಬರ ಬಳಿ ತಮ್ಮದೇ ಅಳತೆಯ ಎರಡು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಒಂದು ಪಂಪ್ ಇರಬೇಕು. ಬೆರಳುದ್ದದ ಅಗ್ಗದ ಪಂಪ್‌ಗಳು ಅರ್ಧ ಗಾಳಿಗೇ ಕೈಸೋಲುತ್ತವೆ, ಕೊಳ್ಳಬೇಡಿ. ಹೊಸ ಟ್ಯೂಬ್ ಹಾಕುವ ಮುನ್ನ ಟೈರ್ ಒಳಗೆ ಬೆರಳಾಡಿಸಿ ಮುಳ್ಳನ್ನೋ ತಂತಿಯನ್ನೋ ಹುಡುಕಿ ತೆಗೆಯಿರಿ. ಈ ಒಂದು ನಿಮಿಷ ಉಳಿಸಲು ಹೋದವರೇ ಐದು ಕಿ.ಮೀ. ಆಚೆ ಮತ್ತೆ ನಿಲ್ಲುವುದು. ಟ್ಯೂಬ್‌ಗೆ ಸ್ವಲ್ಪ ಗಾಳಿ ಊದಿ ಆಕಾರ ಬಂದ ಮೇಲೆ ಕೂರಿಸಿ. ಟೈರ್ ಅಂಚಿನಡಿ ಟ್ಯೂಬ್ ಸಿಕ್ಕಿಲ್ಲವೇ ಎಂದು ಸುತ್ತಲೂ ನೋಡಿ ಪೂರ್ತಿ ತುಂಬಿಸಿ.

8. ಕೊನೆಯ 30 ಕಿ.ಮೀ.

ಗಮನ ಸಡಿಲವಾಗುವ ಹೊತ್ತಿದು. ಅಂತರವನ್ನು ಇನ್ನೊಂದು ಗಾಲಿಯಷ್ಟು ಹೆಚ್ಚಿಸಿ, ವೇಗವನ್ನು ಒಂದೆರಡು ಕಿ.ಮೀ. ಇಳಿಸಿ. ಕಿರುಬೆರಳು ಮರಗಟ್ಟಿದರೆ ಹ್ಯಾಂಡಲ್ ಹಿಡಿತ ಬದಲಿಸಿ, ಮೊಣಕೈ ಮಡಿಸಿ. ತಿನ್ನುವುದನ್ನು ನಿಲ್ಲಿಸಬೇಡಿ. ಗುರಿ ಕಂಡಾಗ ಯಾರೂ ಮುನ್ನುಗ್ಗಬಾರದೆಂದು ಮೊದಲೇ ಹೇಳಿಡಿ. ಜನ, ಮಕ್ಕಳು, ಕ್ಯಾಮೆರಾ ಹಿಡಿದವರು ದಾರಿಗೆ ಅಡ್ಡ ಬರುವ ಜಾಗವದು.

ಮುಟ್ಟಿದ ಮೇಲೆ ದೊಪ್ಪೆಂದು ಕೂರದೆ ಐದು ನಿಮಿಷ ಹಗುರವಾಗಿ ಪೆಡಲ್ ತಿರುಗಿಸಿ, ಒದ್ದೆ ಚಡ್ಡಿ ಕೂಡಲೇ ಬದಲಿಸಿ, ಒಂದು ಗಂಟೆಯೊಳಗೆ ಊಟ ಮಾಡಿ. ದೇಣಿಗೆ ಬಾಕಿ ಇಟ್ಟವರಿಗೆ ಅದೇ ಸಂಜೆ, ಗುಂಪಿನ ಫೋಟೊದ ಜೊತೆಗೆ ಹಣ ಕಟ್ಟಬೇಕಾದ ವಿವರ ಕಳಿಸಿ.